ಗುಂಪು ಸ್ಕಿಲ್ ಚಾಲೆಂಜ್ ಪ್ರತಿ ಸಲ ಶುರುವಿನಲ್ಲೇ ಮುಳುಗುತ್ತಿದೆ, ಯಾಕೆ?

ಹರಿಗೋಲು_ಡಿಎಂ:
ತಲೆ ಕೆಟ್ಟು ಹೋಗಿದೆ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ದಾಳ ಹಾಕಿ ಕಥೆ ಆಡುವ ಆಟ) ಐದನೇ ಆವೃತ್ತಿ, 2014ರ ನಿಯಮ, ಆಡಿಸುವುದು ನಾನು, ಎಲ್ಲರ ಪಾತ್ರವೂ ಮೂರನೇ ಲೆವೆಲ್. ಹೊಳೆ ತುಂಬಿ ಹರಿಯುತ್ತಿದೆ. ಈ ದಡದಲ್ಲಿ ಇಪ್ಪತ್ತು ಜನ ಹಳ್ಳಿಯವರು, ಒಂದು ಆಡು, ಎರಡು ಹರಿಗೋಲು. ಬೆನ್ನ ಹಿಂದೆ ಓರ್ಕ್‌ಗಳು, ಅಂದರೆ ರಾಕ್ಷಸರಂಥ ಶತ್ರುಗಳು. ಸ್ಕಿಲ್ ಚಾಲೆಂಜ್ ಅಂದರೆ ಹೊಡೆದಾಟದ ಬದಲು ಪಾತ್ರಗಳ ಸ್ಕಿಲ್‌ಗೆ ದಾಳ ಹಾಕಿ ಗೆಲುವು ಸೋಲು ಎಣಿಸುವುದು: ಆರು ಗೆಲುವು ಬಂದರೆ ಆಚೆ ದಡ, ಅಷ್ಟರೊಳಗೆ ಮೂರು ಸೋಲಾದರೆ ಹರಿಗೋಲು ಮಗುಚುತ್ತದೆ. ಡಿಸಿ 15, ಅಂದರೆ ಇಪ್ಪತ್ತು ಮುಖದ ದಾಳಕ್ಕೆ ಸ್ಕಿಲ್‌ನ ಅಂಕ ಕೂಡಿಸಿದರೆ ಕನಿಷ್ಠ 15 ಬರಬೇಕು. ವಾರವಿಡೀ ಕೂತು ಬರೆದಿದ್ದೆ, ಹತ್ತೇ ನಿಮಿಷದಲ್ಲಿ ಮುಳುಗಿತು. ಹೋದ ತಿಂಗಳು ಕೋಟೆಯಿಂದ ತಪ್ಪಿಸಿಕೊಳ್ಳುವ ಆಟವೂ ಹೀಗೇ ಆಗಿತ್ತು. ವಿಝಾರ್ಡ್ (ಮಂತ್ರವಾದಿ) ಪಾತ್ರ ಆಡುವವನು ನಡುವೆಯೇ ಮೊಬೈಲ್ ತೆಗೆದು ಕ್ರಿಕೆಟ್ ಸ್ಕೋರ್ ನೋಡುತ್ತಾ ಕೂತ. ಇದನ್ನೆಲ್ಲ ಬಿಟ್ಟು ಸುಮ್ನೆ ಹೊಡೆದಾಟ ಮಾಡಿಸಲಾ?

ಉಪ್ಪುನೀರು:
ದಾಳ ಯಾವುದು? ಅಗ್ಗದ ಪ್ಲಾಸ್ಟಿಕ್ ದಾಳದೊಳಗೆ ಗಾಳಿಗುಳ್ಳೆ ಇರುತ್ತದೆ, ಒಂದು ಕಡೆ ಭಾರ ಜಾಸ್ತಿ. ಲೋಟ ನೀರಿಗೆ ದಾಳ ತೇಲುವಷ್ಟು ಉಪ್ಪು ಕದಡಿ, ಬೆರಳಿನಿಂದ ತಿರುಗಿಸಿ ಬಿಡಿ. ಪ್ರತಿ ಸಲ ಅದೇ ಮುಖ ಮೇಲೆ ಬಂದರೆ ದಾಳ ಕೆಟ್ಟದ್ದು.

ಹಳೇ_ನಾಲ್ಕು:
ಇದು ನಾಲ್ಕನೇ ಆವೃತ್ತಿಯ ಸಾಮಾನು ಗುರು. 2008ರಲ್ಲಿ ಬಂದಾಗ ನಾಲ್ಕು ಗೆಲುವಿಗೆ ಎರಡು ಸೋಲು, ಹನ್ನೆರಡಕ್ಕೆ ಆರು, ಹೀಗಿತ್ತು. ಅದೇ ವರ್ಷ ತಿದ್ದುಪಡಿ ತಂದು, ಎಷ್ಟೇ ಗೆಲುವು ಬೇಕಿದ್ದರೂ ಸೋಲು ಮೂರೇ ಅಂತ ಮಾಡಿದರು, ಜೊತೆಗೆ ಡಿಸಿಯನ್ನೂ ಇಳಿಸಿದರು. ನೀವು ಮೂರು ಸೋಲನ್ನು ತಂದಿದ್ದೀರಿ, ಡಿಸಿ ಇಳಿಸುವುದನ್ನು ಅಲ್ಲೇ ಬಿಟ್ಟಿದ್ದೀರಿ.

ಲೆಕ್ಕದ_ಮೇಷ್ಟ್ರು:
ಸರಿಯಾಗಿ ಹೇಳಿದಿರಿ. ಮೂರನೇ ಲೆವೆಲ್‌ನಲ್ಲಿ ಕೈಪಳಗಿದ ಸ್ಕಿಲ್‌ಗೆ ಸುಮಾರು +5. ಡಿಸಿ 15 ಅಂದರೆ ಒಂದೊಂದು ಎಸೆತಕ್ಕೆ 55% ಅವಕಾಶ. ಕೇಳಲು ಚೆನ್ನಾಗಿದೆ, ಆದರೆ ಮೂರು ಸೋಲಿಗೆ ಮೊದಲು ಆರು ಗೆಲುವು ಬರುವ ಅವಕಾಶ ಬರೀ 22%. ಡಿಸಿ 12 ಮಾಡಿದರೆ 55%, 10 ಮಾಡಿದರೆ 80%. ಡಿಸಿ ಇಳಿಸಿ, ಕಥೆ ಮುಗಿಯಿತು.

ಉಪ್ಪುನೀರು:
ಮೊದಲು ದಾಳ ನೋಡಿ ಸಾರ್. ದಾಳವೇ ಸರಿಯಿಲ್ಲದಿದ್ದರೆ 55% ಎಲ್ಲಿಂದ ಬಂತು?

ಹರಿಗೋಲು_ಡಿಎಂ:
ನಾವು ದಾಳ ಹಾಕುವುದು ಮೊಬೈಲ್ ಆಪ್‌ನಲ್ಲಿ. ಹೇಳಿರಲಿಲ್ಲವಾ?

ಉಪ್ಪುನೀರು:
ಆಪ್ ಅಂತೂ ನಂಬಲೇ ಬೇಡಿ.

ಕಾಫಿ_ಮತ್ತು_ಕತ್ತಿ:
ನಮ್ಮಲ್ಲಿ 20 ಬಿದ್ದರೆ ಸೀದಾ ಗೆಲುವು. ಹಾಗೆ ಮಾಡಿದರೆ ಸ್ವಲ್ಪ ಸುಲಭ ಆಗುತ್ತದೆ.

ಹಳೇ_ನಾಲ್ಕು:
2014ರ ನಿಯಮದಲ್ಲಿ ಅದು ದಾಳಿಗೆ ಮಾತ್ರ. ಸ್ಕಿಲ್‌ಗೆ 20 ಬಿದ್ದರೂ ಒಟ್ಟು ಮೊತ್ತವೇ ಲೆಕ್ಕ.

ಕಾಫಿ_ಮತ್ತು_ಕತ್ತಿ:
ಡೆತ್ ಸೇವ್ (ಸಾಯುವ ಸ್ಥಿತಿಯಲ್ಲಿ ಬಿದ್ದವರು ಹಾಕುವ ದಾಳ) ಮರೆತಿರಾ? ಅಲ್ಲೂ 20 ಬಿದ್ದರೆ ಎದ್ದು ಕೂರುತ್ತಾರೆ. ಬೇರೆಯವರನ್ನು ತಿದ್ದುವ ಮೊದಲು ಪೂರ್ತಿ ಓದಿ.

ಹರಿಗೋಲು_ಡಿಎಂ:
ಜಗಳ ಆಮೇಲೆ ಆಡಿ ಮಾರಾಯ್ರೇ. ಕೋಟೆ ಆಟದಲ್ಲಿ ಡಿಸಿ 12 ಇಟ್ಟೇ ನೋಡಿದ್ದೆ, ಉಪಯೋಗ ಆಗಲಿಲ್ಲ. ಎರಡನೇ ಸುತ್ತೇ ಬರುವುದಿಲ್ಲ. "ಹುಟ್ಟು ಹಾಕಿ" ಅಂತೀನಿ, ಐದೂ ಜನ ಅಥ್ಲೆಟಿಕ್ಸ್‌ಗೆ (ಮೈಬಲದ ಸ್ಕಿಲ್) ದಾಳ ಹಾಕುತ್ತಾರೆ, ಅದರಲ್ಲೇ ಮೂವರು ಸೋಲುತ್ತಾರೆ, ಮುಗಿಯಿತು.

ಮಳೆಗಾಲದ_ಪಾಲಾಡಿನ್:
ಒಂದು ನಿಮಿಷ. ಐದು ಜನರ ಐದು ಎಸೆತ, ಅದರಲ್ಲಿ ಮೂವರು ಸೋತರೆ ಮೂರು ಸೋಲು ಅಂತ ಬರೆದುಕೊಳ್ಳುತ್ತೀರಾ?

ಹರಿಗೋಲು_ಡಿಎಂ:
ಹೌದು. ಇನ್ನೇನು?

ಮಳೆಗಾಲದ_ಪಾಲಾಡಿನ್:
ಅಯ್ಯೋ ದೇವರೇ. ಇಷ್ಟು ಹೊತ್ತು ಉಪ್ಪುನೀರು ಕದಡುತ್ತಾ ಕೂತಿದ್ದೆವು! ಎಲ್ಲರೂ ಒಟ್ಟಿಗೆ ಒಂದೇ ಕೆಲಸ ಮಾಡಿದರೆ ಅದು ಗ್ರೂಪ್ ಚೆಕ್. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಗೆದ್ದರೆ ಇಡೀ ಗುಂಪಿಗೆ ಒಂದು ಗೆಲುವು, ಇಲ್ಲದಿದ್ದರೆ ಒಂದು ಸೋಲು. ನಿಮ್ಮ ವಿಝಾರ್ಡ್‌ಗೆ ಸ್ಟ್ರೆಂತ್ ಎಷ್ಟು? 8 ಇರಬೇಕು, ಅಂದರೆ -1. ಡಿಸಿ 15ಕ್ಕೆ ಅವನು ಗೆಲ್ಲುವುದು ನಾಲ್ಕರಲ್ಲಿ ಒಂದು ಸಲ. ಹುಟ್ಟು ಹಿಡಿದ ಪ್ರತಿ ಸಲ ಅವನೇ ಹರಿಗೋಲು ಮುಳುಗಿಸಿದ ಹಾಗೆ. ಮೊಬೈಲ್ ತೆಗೆಯದೆ ಇನ್ನೇನು ಮಾಡುತ್ತಾನೆ ಪಾಪ.

ಗ್ರೂಪ್ ಚೆಕ್ ಒಂದೇ ಸಲ ಸಾಕು, ಹರಿಗೋಲು ದಡ ಬಿಡುವಾಗ. ಆಮೇಲೆ ಒಬ್ಬೊಬ್ಬರನ್ನೇ "ನೀನು ಈಗ ಏನು ಮಾಡುತ್ತೀಯ?" ಅಂತ ಕೇಳಿ. ಸ್ಕಿಲ್ ಹೆಸರು ನೀವು ಹೇಳಬೇಡಿ, ಅವರೇ ಹೇಳಲಿ. ರೇಂಜರ್ ಸುಳಿ ಎಲ್ಲಿದೆ ನೋಡಲಿ, ಬಾರ್ಡ್ ಅಳುವ ಮಕ್ಕಳನ್ನು ಸುಮ್ಮನಾಗಿಸಲಿ. ವಿಝಾರ್ಡ್ ಕೆಲಸಕ್ಕೆ ಬರುವ ಮಂತ್ರ ಖರ್ಚು ಮಾಡಿದರೆ ದಾಳವೇ ಬೇಡ, ಒಂದು ಗೆಲುವು ಕೊಟ್ಟುಬಿಡಿ. ಸೋತಾಗ ಬರೀ ಗೀಟು ಹಾಕಬೇಡಿ. ಮೊದಲನೇ ಸೋಲಿಗೆ ಹುಟ್ಟು ಮುರಿಯಲಿ, ಎರಡನೆಯದಕ್ಕೆ ಆಡು ನೀರಿಗೆ ಬೀಳಲಿ.

ಲೆಕ್ಕದ_ಮೇಷ್ಟ್ರು:
ಐದು ಜನ ಅಂತ ಮೊದಲೇ ಹೇಳಬೇಕಿತ್ತು. ಐವರಲ್ಲಿ ಮೂವರು ಗೆಲ್ಲಬೇಕು, ನಾಲ್ವರಾದರೆ ಇಬ್ಬರೇ ಸಾಕು. ಎಲ್ಲರಿಗೂ 55% ಅಂತ ಇಟ್ಟುಕೊಂಡರೆ ನಾಲ್ವರ ಗುಂಪಿಗೆ 76%, ಐವರಿಗೆ 59%. ಜನ ಜಾಸ್ತಿಯಾದಷ್ಟೂ ಸುಲಭ ಅಂದುಕೊಂಡವರು ಇಲ್ಲೇ ಜಾರುವುದು. ಆದರೂ ಡಿಸಿ ಇಳಿಸಿ ಅಂತಲೇ ನಾನು ಹೇಳುವುದು.

ಕಾಫಿ_ಮತ್ತು_ಕತ್ತಿ:
ನಾನಂತೂ ಹೊಳೆ ಆಟಕ್ಕೆ ಹಳೇ 32 ಇಂಚಿನ ಟಿವಿ ಮೇಜಿನ ಮೇಲೆ ಅಂಗಾತ ಮಲಗಿಸಿ ಮ್ಯಾಪ್ ಹಾಕಿದ್ದೆ. ನೀರು ನಿಜವಾಗಿ ಹರಿಯುತ್ತಿತ್ತು. ಥರ್ಮೊಕೋಲ್‌ನಲ್ಲಿ ಕೊರೆದ ಬಂಡೆ, ಹಲ್ಲುಕಡ್ಡಿಯ ಹುಟ್ಟು. ಯಾರೂ ಮೊಬೈಲ್ ಮುಟ್ಟಲಿಲ್ಲ.

ಉಪ್ಪುನೀರು:
ಟಿವಿ ಮೇಲೆ ಲೋಹದ ದಾಳ ಹಾಕುತ್ತೀರಾ? ಗಾಜು ಹಾಕಿದ್ದೀರಾ, ಅಕ್ರಿಲಿಕ್ಕಾ?

ಹರಿಗೋಲು_ಡಿಎಂ:
ಭಾನುವಾರ ಮತ್ತೆ ಆಡಿಸಿದೆ. ಒಬ್ಬಳು ಊರಿಗೆ ಹೋಗಿದ್ದಳು, ಹಾಗಾಗಿ ನಾಲ್ಕೇ ಜನ. ಡಿಸಿ 13. ಗ್ರೂಪ್ ಚೆಕ್‌ನಲ್ಲಿ ಇಬ್ಬರು ಗೆದ್ದರು, ಹರಿಗೋಲು ದಡ ಬಿಟ್ಟಿತು. ವಿಝಾರ್ಡ್ ಮಂತ್ರ ಹಾಕಿ ನೀರನ್ನು ಮಂಜುಗಡ್ಡೆ ಮಾಡುತ್ತೇನೆ ಅಂದ, ಒಪ್ಪಿಕೊಂಡೆ. ಎರಡು ಸೋಲಾಯಿತು, ಹಳ್ಳಿಯವರೆಲ್ಲ ದಾಟಿದರು. ಆಡು ಹೋಯಿತು. ಈಗ ಅವರು ಓರ್ಕ್‌ಗಳನ್ನು ಬಿಟ್ಟು ಆಡು ಹುಡುಕಲು ಹೊಳೆಯ ಗುಂಟ ಹೊರಟಿದ್ದಾರೆ. ಅದಕ್ಕೆ ನಾನು ಏನೂ ಬರೆದಿಟ್ಟಿಲ್ಲ. ಏನು ಮಾಡಲಿ?

ಕಾಫಿ_ಮತ್ತು_ಕತ್ತಿ:
ಅಕ್ರಿಲಿಕ್, 4 ಮಿಮೀ. ಫೋಟೋ ಹಾಕುತ್ತೇನೆ ಇರಿ.