ಸಿ.ಜಿ. ಆಸ್ಪತ್ರೆಯಲ್ಲಿ ಆಗ ಹಾರ್ಟ್ ಅಟ್ಯಾಕ್‌ಗೆ ಏನು ಮಾಡುತ್ತಿದ್ದರು?

ಪ್ರಶ್ನೆ (ದಾವಣಗೆರೆ ಹುಡುಗ): ನಮ್ಮ ತಾತ 1974ರಲ್ಲಿ ಎದೆನೋವು ಅಂತ ಇಲ್ಲಿನ ಸಿ.ಜಿ., ಅಂದರೆ ಚಿಗಟೇರಿ ಆಸ್ಪತ್ರೆಗೆ ಸೇರಿದ್ದರು. ಮೂರು ವಾರ ಮಂಚದಿಂದ ಇಳಿಯಲು ಬಿಡಲಿಲ್ಲ, ಔಷಧಿಗಿಂತ ಅದೇ ಜಾಸ್ತಿ ಅಂತ ಅಜ್ಜಿ ಈಗಲೂ ಹೇಳುತ್ತಾರೆ. ನಿಜವಾಗಲೂ ಅಷ್ಟೇನಾ? ಆಗಿನದು ಗೊತ್ತಿರುವವರು ದಯವಿಟ್ಟು ಹೇಳಿ.

ನಿವೃತ್ತ ನರ್ಸ್, ವಿದ್ಯಾನಗರ: ಅಜ್ಜಿ ಹೇಳಿದ್ದು ಸರಿ. ಆಗ ನೋವಿಗೆ ಇಂಜೆಕ್ಷನ್, ಆಕ್ಸಿಜನ್, ನಾಲಿಗೆ ಕೆಳಗೊಂದು ಮಾತ್ರೆ, ಆಮೇಲೆ ಮಲಗಿಸುವುದು. ಬಲೂನ್ ಹಾಕಿ ಹೃದಯದ ರಕ್ತನಾಳ ತೆರೆಯುವುದು ಜಗತ್ತಿನಲ್ಲೇ ಶುರುವಾಗಿದ್ದು 1977ರಲ್ಲಿ, ಜ್ಯೂರಿಕ್‌ನಲ್ಲಿ. ಹಾಗಾಗಿ ನಮ್ಮೂರಲ್ಲಿ ಇರಲಿಲ್ಲ ಅಂತ ಬೇಜಾರಾಗಬೇಡಿ. ಇಲ್ಲಿ 1965ರಲ್ಲೇ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿತ್ತು, ಅಲ್ಲಿನ ವಿದ್ಯಾರ್ಥಿಗಳು ಕಲಿತಿದ್ದು ಚಿಗಟೇರಿಯ ವಾರ್ಡುಗಳಲ್ಲೇ. ಆಗ ನಾವಿನ್ನೂ ಚಿತ್ರದುರ್ಗ ಜಿಲ್ಲೆ, 1997ರ ತನಕ.

ನನ್ನ ಕಾಲಕ್ಕೆ ರಕ್ತನಾಳದ ಹೆಪ್ಪು ಕರಗಿಸುವ ಔಷಧಿ ಸ್ಟ್ರೆಪ್ಟೋಕೈನೇಸ್ ಬಂತು. 15 ಲಕ್ಷ ಯೂನಿಟ್ಟು, ಡ್ರಿಪ್‌ನಲ್ಲಿ ಒಂದು ಗಂಟೆ. ಆ ಒಂದು ಗಂಟೆ ನಾನು ಮಂಚದ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಬಿಪಿ ಸರ್ರನೆ ಇಳಿಯುತ್ತಿತ್ತು, ಡ್ರಿಪ್ ನಿಧಾನ ಮಾಡಬೇಕು, ಕಾಲಕಡೆ ಮಂಚ ಎತ್ತರಿಸಬೇಕು. ಹೆಪ್ಪು ಕರಗಿದರೆ ರೋಗಿಯೇ ಹೇಳುತ್ತಿದ್ದರು, "ಸಿಸ್ಟರ್, ಎದೆ ಮೇಲಿನ ಕಲ್ಲು ಇಳಿದಂಗಾಯ್ತು" ಅಂತ. ಅದನ್ನು ಕೇಳಿದಾಗ ಆಗುತ್ತಿದ್ದ ಖುಷಿ ಈಗಲೂ ನೆನಪಿದೆ.

ಹಳ್ಳಿಯವನು: ಆ ಡ್ರಿಪ್ ಜಾಗಕ್ಕೆ ಈಗ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬಂದಿದೆ. ಕೆಲವೇ ಸೆಕೆಂಡಲ್ಲಿ ಒಂದೇ ಸಲ ಕೊಡುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಉಚಿತ, ಹೊರಗೆ ಸಾವಿರಗಟ್ಟಲೆ ದುಡ್ಡು. ಆದರೆ ನಮ್ಮಪ್ಪನನ್ನು ಮೊದಲು ತೋರಿಸಿದ್ದು ಒಂದು ಕ್ಲಿನಿಕ್‌ನಲ್ಲಿ, ಅಲ್ಲಿ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು, ಇಸಿಜಿ ತೆಗೆಯಲೇ ಇಲ್ಲ. ನಾವೂ ನಂಬಿ ಮನೆಗೆ ಬಂದು ಸುಮ್ನೆ ಕೂತೆವು. ನಾಲ್ಕು ಗಂಟೆ ಹೋಯಿತು. ಅಪ್ಪ ಉಳಿದರು, ಆದರೆ ಹೊಲದ ತನಕ ನಡೆದರೆ ಈಗ ಉಸಿರು ಹಿಡಿಯುತ್ತದೆ.

ನಿವೃತ್ತ ನರ್ಸ್, ವಿದ್ಯಾನಗರ: ಓದಿ ಸಂಕಟವಾಯಿತು. ಎದೆ ಹಿಂಡಿದಂಗಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಮೊದಲು ಇಸಿಜಿ. ಸಕ್ಕರೆ ಕಾಯಿಲೆ ಇದ್ದರೆ ನೋವೇ ಇರದೆ ಬರೀ ಸುಸ್ತೂ ಆಗಬಹುದು. ಇನ್ನೊಂದು, ಇಂಜೆಕ್ಷನ್ ಆಯಿತು ಅಂತ ಮನೆಗೆ ಕರೆದುಕೊಂಡು ಹೋಗಬೇಡಿ. 24 ಗಂಟೆಯೊಳಗೆ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳ ಎಲ್ಲಿ ಕಟ್ಟಿದೆ ಅಂತ ನೋಡುವ ಪರೀಕ್ಷೆ ಆಗಬೇಕು.

ದಾವಣಗೆರೆ ಹುಡುಗ: ಅಜ್ಜಿಗೆ ಎಲ್ಲ ಓದಿ ಹೇಳಿದೆ ಸಿಸ್ಟರ್. ತಾತ ಕಳ್ಳತನದಲ್ಲಿ ಎದ್ದು ಕಿಟಕಿ ಹತ್ತಿರ ಹೋಗಿ ಬೈಸಿಕೊಂಡಿದ್ದು ನೆನಪಾಗಿ ಅತ್ತರು. ಆಮೇಲೆ ತಾತ 19 ವರ್ಷ ಬದುಕಿದ್ದರು.