ಪಾದಯಾತ್ರೆ ತಯಾರಿ: 15 ಕಿ.ಮೀ. ದಾಟಿದರೆ ಹಿಮ್ಮಡಿಗೆ ಬೊಬ್ಬೆ, ಮರುದಿನ ಕಾಲಿನ ಎಲುಬು ನೋವು

ಪ್ರಶ್ನೆ: ದಿನಕ್ಕೆ 25 ಕಿ.ಮೀ.ನಂತೆ ಎಂಟು ದಿನದ ಪಾದಯಾತ್ರೆ, ಇನ್ನು 10 ವಾರ ಇದೆ. ಸದ್ಯ ವಾರದ ನಡುವೆ ಮೂರು ದಿನ 5 ಕಿ.ಮೀ., ಭಾನುವಾರ 18. ಬೆನ್ನಿಗೆ 7 ಕೆ.ಜಿ. ಬ್ಯಾಗು, ಕಾಲಿಗೆ ಹತ್ತಿಯ ಸಾಕ್ಸು. 15 ದಾಟುತ್ತಿದ್ದ ಹಾಗೆ ಎರಡೂ ಹಿಮ್ಮಡಿಗೆ ಬೊಬ್ಬೆ ಏಳುತ್ತದೆ. ಸೋಮವಾರ ಮೊಣಕಾಲ ಕೆಳಗಿನ ಎಲುಬಿನ ಒಳಬದಿ ನೋಯುತ್ತದೆ. ಶೂ ಬದಲಿಸಲೇ?

ಉತ್ತರ 1: ಎಲುಬಿನ ನೋವಿಗೆ ಶೂಗಿಂತ ನಿಮ್ಮ ಭಾನುವಾರವೇ ಕಾರಣ ಅನ್ನಿಸುತ್ತದೆ. ವಾರದ 33 ಕಿ.ಮೀ.ಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದಿನ, ಅದೂ ಪೂರ್ತಿ ಭಾರ ಹೊತ್ತು. ಉಸಿರು, ಸ್ನಾಯು ಬೇಗ ಪಳಗುತ್ತವೆ. ಎಲುಬು ಪಳಗಲು ಹೆಚ್ಚು ವಾರ ಬೇಕು. ಮೊದಲು ಆ ಒಳಬದಿಯ ಅಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ನಾಲ್ಕು ಬೆರಳಗಲ ಹರಡಿದೆಯೋ, ಒಂದೇ ಜಾಗದಲ್ಲಿ ಚುರ್ರೆನ್ನುತ್ತದೋ? ಮಲಗಿದಾಗಲೂ ಇದೆಯೋ? ಒಂದೇ ಜಾಗದಲ್ಲಿದ್ದರೆ ಅಥವಾ ರಾತ್ರಿಯೂ ಕಾಡಿದರೆ ನಡಿಗೆ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಕೂದಲೆಳೆಯಂಥ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು.

ಉತ್ತರ 2: ಬೊಬ್ಬೆಯ ವಿಷಯಕ್ಕೆ ಬರುತ್ತೇನೆ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಸಾಕ್ಸ್ ಹಾಕಿ, ಅರ್ಧ ದಾರಿಯಲ್ಲಿ ಒಣ ಜೋಡಿಗೆ ಬದಲಿಸಿ. ಹಿಮ್ಮಡಿ ಶೂ ಒಳಗೆ ಮೇಲೆ ಕೆಳಗೆ ಜಾರುತ್ತಿದ್ದರೆ ಲೇಸ್ ಕಟ್ಟುವ ರೀತಿ ಬದಲಾಗಬೇಕು: ತುದಿಯನ್ನು ಅದೇ ಬದಿಯ ಕೊನೆಯ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಿ, ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲದ್ದನ್ನು ಎಡದೊಳಗೆ ತೂರಿಸಿ ಎಳೆದು ಗಂಟು ಹಾಕಿ. ಟೇಪನ್ನು ಹೊರಡುವ ಮೊದಲೇ ಒಣ ಚರ್ಮಕ್ಕೆ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಸುಕ್ಕಿಲ್ಲದೆ ಹಚ್ಚಿ. ಸುಕ್ಕಿದ್ದರೆ ಅಲ್ಲೇ ಹೊಸ ಬೊಬ್ಬೆ ಏಳುತ್ತದೆ. ಎದ್ದ ಬೊಬ್ಬೆಯ ಚರ್ಮ ಕೀಳಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಸೂಜಿ ಚುಚ್ಚುವ ಯೋಚನೆಯೂ ಬೇಡ.

ಪ್ರಶ್ನೆ ಕೇಳಿದವರು: ಒತ್ತಿ ನೋಡಿದೆ. ಅರ್ಧ ಗೇಣಿನಷ್ಟು ಹರಡಿದೆ, ರಾತ್ರಿ ನೋವಿಲ್ಲ. ಹಿಮ್ಮಡಿ ಜಾರುತ್ತಿರುವುದು ನಿಜ.

ಉತ್ತರ 1: ಹಾಗಿದ್ದರೆ ತಗ್ಗಿಸಿದರೆ ಸಾಕು. ಒತ್ತಿದಾಗಿನ ನೋವು ಇಳಿಯುವ ತನಕ ಬ್ಯಾಗಿಲ್ಲದೆ ದಿನ ಬಿಟ್ಟು ದಿನ 5 ಕಿ.ಮೀ. ಮೀರಬೇಡಿ. ಆಮೇಲೆ ಅದೇ 33 ಅನ್ನು ಶನಿವಾರ 10, ಭಾನುವಾರ 8 ಎಂದು ಒಡೆಯಿರಿ. ಯಾತ್ರೆಯಲ್ಲಿ ಕಷ್ಟ ಕೊಡುವುದು ಎರಡನೇ ದಿನ ಬೆಳಗ್ಗೆ, ದಣಿದ ಕಾಲಲ್ಲಿ ಮತ್ತೆ ಹೊರಡುವುದು; ಅಭ್ಯಾಸ ಆಗಬೇಕಾದದ್ದು ಅದು. ವಾರಕ್ಕೆ ಶೇ. 10ರಷ್ಟೇ ಏರಿಸಿ, ನಾಲ್ಕನೇ ವಾರ ಕಾಲು ಭಾಗ ಇಳಿಸಿ. ಎಂಟನೇ ವಾರಕ್ಕೆ ಶನಿವಾರ 18, ಭಾನುವಾರ 17 ಆದರೆ ಒಳ್ಳೆಯದು. ಆಗದಿದ್ದರೆ ದೂರ ಬೆನ್ನಟ್ಟಬೇಡಿ, ಯಾತ್ರೆಯ 25 ಅನ್ನು ಬೆಳಗ್ಗೆ 15, ಸಂಜೆ 10 ಎಂದು ಹಂಚಿಕೊಳ್ಳಿ. ಕೊನೆಯ ಹತ್ತು ದಿನ ಅರ್ಧಕ್ಕೆ ಇಳಿಸಿ. ಬ್ಯಾಗು 3 ಕೆ.ಜಿ.ಯಿಂದ ಶುರುವಾಗಲಿ, ವಾರಕ್ಕೊಂದು ಕೆ.ಜಿ.

ದಿನ ಬಿಟ್ಟು ದಿನ ಮೀನಖಂಡದ ವ್ಯಾಯಾಮ ಮಾಡಿ: ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸಿ, 12ರಂತೆ ಮೂರು ಸುತ್ತು. ಇನ್ನೊಂದು, ರಸ್ತೆಯ ಇಳಿಜಾರು ಅಂಚಿನಲ್ಲಿ ಸದಾ ಒಂದೇ ಬದಿ ನಡೆದರೆ ಪಾದ ಒಂದೇ ಕಡೆ ವಾಲುತ್ತದೆ. ಅಭ್ಯಾಸಕ್ಕೆ ಸಮತಟ್ಟಾದ ದಾರಿ ಹುಡುಕಿ.