ಸಹಾಯ ಬೇಕು: ವೆಬ್ ಡಿಸೈನ್ ಬಗ್ಗೆ ಮಾತಾಡಲು ನಮ್ಮ ಕಡೆಯ ಉದಾಹರಣೆಗಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಂಗಳೂರಿನ ಒಂದು ಸಮ್ಮೇಳನದಲ್ಲಿ ಮಾತಾಡಲಿದ್ದೇನೆ. ಎಲ್ಲರೂ ಮಾಡ್ತಾರೆ ಅಂತ ಸುಮ್ನೆ ಹಾಕುವ ವೆಬ್ ಡಿಸೈನ್‌ಗಳೇ ವಿಷಯ. ತಾನಾಗಿ ಓಡುವ ಚಿತ್ರಗಳ ಸ್ಲೈಡರ್, ಬಿಳಿ ಮೇಲೆ ತಿಳಿ ಬೂದು ಅಕ್ಷರ, ಒತ್ತಿದರೆ ಮಾತ್ರ ತೆರೆಯುವ ಮೂರು ಗೆರೆಯ ಮೆನು, ಇಂಥವು.

ಆ ಮೂರು ಗೆರೆ 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿನಲ್ಲೇ ಇತ್ತು. ಬಿಡಿಸಿದವರು ನಾರ್ಮ್ ಕಾಕ್ಸ್. ಫೋನಿಗೆ ಅದು ಸರಿ. ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಇದ್ದೂ ಮೆನು ಯಾಕೆ ಬಚ್ಚಿಡಬೇಕು? ಬೂದು ಅಕ್ಷರ ಇನ್ನೂ ಕಷ್ಟ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಇರಬೇಕು ಎಂದು ಡಬ್ಲ್ಯೂಸಿಎಜಿ, ಅಂದರೆ ಎಲ್ಲರಿಗೂ ಬಳಸಲು ಆಗುವಂತೆ ವೆಬ್ ಪುಟ ಮಾಡುವ ಮಾರ್ಗಸೂಚಿಯ ಎಎ ಮಟ್ಟ ಹೇಳುತ್ತದೆ. ವಯಸ್ಸಾದವರು ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಬೇಕು, ಅಲ್ವಾ?

ನನಗೆ ಜಾಸ್ತಿ ಬೇಕಾಗಿರುವುದು ಕನ್ನಡ ಪುಟಗಳ ಸ್ಕ್ರೀನ್‌ಶಾಟ್. ಇಂಗ್ಲಿಷಿಗೆ ಅಳತೆ ಮಾಡಿದ ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಕಡಿಮೆ. ಬಟನ್ ಮೇಲೆ ‘ಸಲ್ಲಿಸಿ’ ಎಂದು ಹಾಕಿದರೆ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿದರೆ ಸಾಕು, ಆದರೂ ಯಾರೂ ನೋಡುವುದಿಲ್ಲ. ನನಗೆ ತುಂಬಾ ಬೇಸರ ಆಗುವುದು ಇದಕ್ಕೇ.

ಶಾಲೆ, ದೇವಸ್ಥಾನ, ಸೊಸೈಟಿ, ಬಸ್ ಬುಕಿಂಗ್, ಯಾವುದಾದರೂ ಸರಿ. ಹೆಸರು ಮರೆಮಾಡಿ ಕಳಿಸಿ, ಯಾವ ಫೋನ್ ಎಂದು ಬರೆಯಿರಿ. ಸ್ಕ್ರೀನ್ ರೀಡರ್ (ಪರದೆ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಓಡುವ ಸ್ಲೈಡರ್ ನಿಮಗೆ ಹೇಗೆ ಕೇಳಿಸುತ್ತದೆ ಎಂದು ನಿಮ್ಮಿಂದಲೇ ತಿಳಿಯಬೇಕು. ಉಡುಪಿ, ಮಣಿಪಾಲದ ಕಡೆ ಯಾರಾದರೂ ಒಂದು ಭಾನುವಾರ ಕೂತು ನನ್ನ ಮಾತು ಕೇಳಿ ತಿದ್ದುತ್ತೀರಾ?